ತಂಗಡಿ ಬೀಜ

ಬೂದಿಕೋಟೆ ಅಂದರೆ ಹೈದರಾಲಿ ಹುಟ್ಟಿದ ಊರು ಅಂತ ಪುಸ್ತಕಗಳಲ್ಲಿ ಬರೀತಾರೆ. ನಮ್ಮ ಕೇರಿಯ ಚರಿತ್ರೆ ಇರೋದು ತಂಗಡಿ ತೊಗಟೆಯಲ್ಲಿ. ತಾತ ಅದನ್ನು ಕುಟ್ಟಿ ನೀರಿಗೆ ಹಾಕಿ ಚರ್ಮ ಹದ ಮಾಡುತ್ತಿದ್ದ. ಊರಿನ ಕಪಿಲೆಗೆ ಆ ಚರ್ಮ ಬೇಕಿತ್ತು. ಬಾವಿ ಮುಟ್ಟೋದಕ್ಕೆ ಮಾತ್ರ ನಾವು ಬೇಡ.

ಈಗ ಬದುವಿಗೆಲ್ಲ ಕಳೆನಾಶಕ ಹೊಡೆದು ತಂಗಡಿ ಸುಡುತ್ತಾರೆ. ಆಮೇಲೆ ಬದನೆ ಕಾಯಿ ಕಚ್ಚಲಿಲ್ಲ ಅಂತ ಗೊಣಗುತ್ತಾರೆ. ತಂಗಡಿ ಹೂವಲ್ಲಿ ಮಕರಂದ ಇಲ್ಲ, ಬರೀ ಪರಾಗ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಮರ ಕೊರೆಯುವ ಕರೀ ದುಂಬಿ ಹೂವನ್ನು ತಬ್ಬಿ ಗುಂಯ್ ಅಂತ ಮೈ ನಡುಗಿಸಿದರೇ ಅದು ಉದುರೋದು. ತುಡುವೆ ಜೇನಿಗೆ ಆ ನಡುಕ ಬಾರದು. ಬದನೆ, ಟೊಮೇಟೊ ಹೂವೂ ಇದೇ ಜಾತಿಯ ಬಾಗಿಲು. (ಜಾತಿ ಅನ್ನೋ ಮಾತು ಇಲ್ಲಿ ಮಾತ್ರ ನನಗೆ ಬೇಸರ ತರೋದಿಲ್ಲ.)

ಬೀಜದ ಸಿಪ್ಪೆ ಗಟ್ಟಿ. ಕಲ್ಲಿಗೆ ಉಜ್ಜಿ, ರಾತ್ರಿ ಬಿಸಿನೀರಲ್ಲಿ ನೆನೆಹಾಕಿ, ಮುಂಗಾರಿಗೆ ಊರಬೇಕು. ಬೇರು ಬಿಟ್ಟರೆ ವರ್ಷಗಟ್ಟಲೆ ಇರುತ್ತೆ, ಕಡಿದರೂ ಚಿಗುರುತ್ತೆ.

"ಹಾಳು ಗಿಡಕ್ಕೆ ಯಾಕೋ ನೀರು?" ಅಂದ ಪಕ್ಕದ ಹೊಲದವನು.

ಅವ್ವ ತಲೆ ಎತ್ತಲಿಲ್ಲ. "ನಿಮ್ಮ ಕಪಿಲೆಗೆ ಅಂತ ನಮ್ಮೋರು ಇದನ್ನೇ ಸುಲಿದು ಸುಲಿದು ಸವೆದ್ರು ಸ್ವಾಮಿ. ಒಂದಿಷ್ಟು ಬೆಳೀಲಿ ಬಿಡಿ."

20 ಬೀಜ ಊರಿದ್ದೆ, 11 ಉಳಿದವು. ಈಗ ಹೂವಾಗಿವೆ. ದುಂಬಿ ನಮ್ಮ ಬದುವಿನಿಂದೆದ್ದು ನೇರವಾಗಿ ಅವನ ಬದನೆ ಸಾಲಿಗೆ ಹೋಗುತ್ತೆ.