ಋಣವೂ ನ್ಯಾಯವೂ

'ಸಾಲವೇ ಶೂಲ' ಎಂದರು ನಮ್ಮ ಹಿರಿಯರು. ಈ ಶೂಲದ ನೋವು ಸಾಲ ಪಡೆದವನಿಗೆ ಮಾತ್ರವಲ್ಲ, ಕೊಟ್ಟವನಿಗೂ ಉಂಟು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನೆರೆಯವನ ಕಷ್ಟಕ್ಕೆ ಕೊಟ್ಟು, ಅದು ಮರಳಿ ಬಾರದೆ ಕಂಗೆಟ್ಟವರನ್ನು ನಾನು ಬಲ್ಲೆ. ಆದುದರಿಂದ ಋಣದ ವಿಷಯದಲ್ಲಿ ನ್ಯಾಯವು ಇಬ್ಬರ ಮುಖವನ್ನೂ ನೋಡಬೇಕಾಗುತ್ತದೆ. ಮನುಸ್ಮೃತಿಯು ವ್ಯಾಜ್ಯಗಳನ್ನು 18 ಬಗೆಯಾಗಿ ವಿಂಗಡಿಸಿ, ಸಾಲದ ವಸೂಲಿಯನ್ನೇ ಮೊದಲನೆಯದಾಗಿ ಎಣಿಸಿದೆ. ಸಮಸ್ಯೆ ಅಷ್ಟು ಹಳೆಯದು.

ನಾನು ನಿವೃತ್ತನಾಗಿ ಊರಿನಲ್ಲಿ ನೆಲೆಸಿದ ಮೇಲೆ, ಕೋರ್ಟಿನ ಕಾಗದ ಬಂದವರು ಅದನ್ನು ಓದಿಸಿಕೊಳ್ಳಲು ನನ್ನ ಜಗಲಿಗೆ ಬರುವುದು ವಾಡಿಕೆಯಾಯಿತು. ಒಂದು ಸಂಜೆ ನೇಕಾರರೊಬ್ಬರು ಬಂದರು. ಕೈಸಾಲದ ದಾವೆಯ ಸಮನ್ಸನ್ನು ಎಂಟು ದಿನ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದರಂತೆ. "ಮೇಷ್ಟ್ರೇ, ನನ್ನನ್ನು ಜೈಲಿಗೆ ಹಾಕುತ್ತಾರೆಯೇ? ಮಗ್ಗ ಹೊತ್ತುಕೊಂಡು ಹೋಗುತ್ತಾರೆಯೇ?" ಎಂದು ಕೇಳಿದರು. ಅವರ ಮಡದಿ ಏನೂ ಕೇಳಲಿಲ್ಲ. ಕೊರಳಿನ ತಾಳಿಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿದ್ದರು.

ಸಮನ್ಸು ಶಿಕ್ಷೆಯಲ್ಲ, ಕರೆ. ಕರೆದ ದಿನ ಹೋದವನ ಮಾತನ್ನು ನ್ಯಾಯಾಧೀಶರು ಕೇಳುತ್ತಾರೆ. ಅದುವರೆಗೆ ತೀರಿಸಿದ ಹಣಕ್ಕೆ ರಸೀದಿಯಿದ್ದರೆ ತೋರಿಸಬಹುದು; ಉಳಿದುದನ್ನು ಕಂತಿನಲ್ಲಿ ಕೊಡಲು ಅಪ್ಪಣೆ ಬೇಡಬಹುದು. ಹೋಗದಿದ್ದವನ ಗೈರುಹಾಜರಿಯಲ್ಲಿ ಸಾಲ ಕೊಟ್ಟವನ ಮಾತನ್ನಷ್ಟೇ ಕೇಳಿ ಡಿಕ್ರಿಯಾಗಬಹುದು. ಡಿಕ್ರಿಯ ಹಣ ಸಲ್ಲದಿದ್ದರೆ ಆಸ್ತಿಯ ಜಪ್ತಿ, ಅನಂತರ ಹರಾಜು. ಜಾಮೀನು ನಿಂತವನೂ ಸಾಮಾನ್ಯವಾಗಿ ಸಾಲಗಾರನಷ್ಟೇ ಹೊಣೆಗಾರ.

ಆದರೆ ಜಪ್ತಿಗೂ ಒಂದು ಎಲ್ಲೆಯುಂಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬದುಕಿಗೆ ಬೇಕಾದ ಎತ್ತು, ನೇಗಿಲು, ಬೀಜದ ಕಾಳು ಇವನ್ನು ಮುಟ್ಟುವಂತಿಲ್ಲ. ಧಾರ್ಮಿಕ ಸಂಪ್ರದಾಯದಂತೆ ಸ್ತ್ರೀಯು ಮೈಯಿಂದ ತೆಗೆಯಬಾರದ ಆಭರಣವನ್ನೂ ಮುಟ್ಟುವಂತಿಲ್ಲ. ಇದನ್ನು ಓದಿ ಹೇಳಿದಾಗ ಆ ತಾಯಿಯ ಕೈ ಸೆರಗಿನಿಂದ ಸಡಿಲಿತು.

ಇನ್ನು ಸೆರೆಮನೆಯ ಮಾತು. ಹಣದ ಡಿಕ್ರಿಗಾಗಿ ಸಿವಿಲ್ ಬಂಧನಕ್ಕೆ ಅವಕಾಶವಿದೆ. ಅದರ ಗರಿಷ್ಠ ಅವಧಿ ಮೂರು ತಿಂಗಳು. ಬಂಧನ ಮುಗಿದರೂ ಸಾಲ ಮುಗಿಯುವುದಿಲ್ಲ. ಸ್ತ್ರೀಯರನ್ನು ಹೀಗೆ ಬಂಧಿಸುವಂತಿಲ್ಲ. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿ, ಕೇವಲ ಬಡತನದಿಂದ ಸಾಲ ತೀರಿಸಲಾರದವನನ್ನು ಸೆರೆಗೆ ಕಳುಹಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಸಾರಿದರು. ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದಿರುವವನಿಗೆ ಈ ಆಸರೆಯಿಲ್ಲ. ಸಾಲಕ್ಕೆಂದು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿ, ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರಂತೂ ಅದು ಅಪರಾಧವೇ ಆಗುತ್ತದೆ. ಎರಡು ವರ್ಷಗಳವರೆಗೆ ಸೆರೆಯಾಗಬಹುದು.

ನೇಕಾರರು ನಿಗದಿಯಾದ ದಿನ ಹೋದರು. ಕಂತಿಗೆ ಅಪ್ಪಣೆ ದೊರೆಯಿತು. ಅವರಿಗೆ ಸಾಲ ಕೊಟ್ಟವರೂ ಸಿರಿವಂತರೇನಲ್ಲ. ಪ್ರತಿ ತಿಂಗಳೂ ಬಂದ ಹಣ ಅವರ ಮನೆಯ ಒಲೆಯನ್ನೂ ಉರಿಸಿತು.

ಸಾಲ ಕೊಟ್ಟವನೂ ಸುಮ್ಮನೆ ಕೂರಬಾರದು. 1963ರ ಕಾಲಪರಿಮಿತಿ ಕಾಯಿದೆಯಂತೆ ಕೈಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವು. ಆ ಗಡುವು ದಾಟಿದರೆ ನ್ಯಾಯಾಲಯದ ಬಾಗಿಲು ಮುಚ್ಚಬಹುದು. ಆದರೆ ಕಷ್ಟಕಾಲದಲ್ಲಿ ನಂಬಿ ಕೊಟ್ಟವನ ಎದುರು ತಲೆಯೆತ್ತಿ ನಡೆಯಬೇಕೆನ್ನುವವನು ಆ ಗಡುವನ್ನು ಎಣಿಸುತ್ತ ಕೂರುವುದಿಲ್ಲ. ಇಲ್ಲದಿರುವಾಗ 'ಇಲ್ಲ' ಎಂದು ಎದುರಿಗೆ ಹೇಳುವುದು, ಇದ್ದಾಗ ಕೇಳುವ ಮುನ್ನವೇ ಕೊಡುವುದು: ಋಣಿಯಾದವನ ಮರ್ಯಾದೆ ಇಷ್ಟರಲ್ಲಿದೆ.