ಬಾವಿ ಯಾವ ಕಡೆ ಇತ್ತು?

ನನ್ನ ಆಧಾರ್ ಕಾರ್ಡಿನಲ್ಲಿ ಊರು ತೋಡೂರು ಅಂತಿದೆ. ಹಾಸ್ಟೆಲಿನಲ್ಲಿ ಯಾರಾದ್ರೂ ಕೇಳಿದ್ರೆ "ಕಾರವಾರ" ಅಂದುಬಿಡ್ತೇನೆ. ಇಲ್ಲಾಂದ್ರೆ ಮ್ಯಾಪ್ ತೆಗೆದು, ಕಾರವಾರದಿಂದ ಅಂಕೋಲಾ ಕಡೆ ಬರುವ ಹೈವೇ ಮೇಲೆ ಬೆರಳಿಟ್ಟು ತೋರಿಸಬೇಕಾಗುತ್ತದೆ. ಆದರೆ ನಮ್ಮ ಮನೆಯಲ್ಲಿ "ಊರು" ಅಂದ್ರೆ ತೋಡೂರಲ್ಲ. ಅಜ್ಜಿ "ಊರಲ್ಲಿ ಹಾಗಿತ್ತು, ಊರಲ್ಲಿ ಹೀಗಿತ್ತು" ಅಂತ ಶುರು ಮಾಡಿದ್ರೆ ಅದು ಅರ್ಗಾ. ಈಗ ಅಲ್ಲಿ ನೌಕಾನೆಲೆ ಇದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೇನೆ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲೂಕುಗಳ ಕಡಲ ಬದಿಯ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಬೇರೆ ಕಡೆ ಹೋಗಬೇಕಾಯಿತು. ಅವರಿಗಾಗಿ ಮಾಡಿದ ಪುನರ್ವಸತಿ ಕಾಲೊನಿಗಳಲ್ಲಿ ತೋಡೂರಿನದೂ ಒಂದು. 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ನಾನು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ನಮ್ಮ ಹಳೇ ಮನೆಯನ್ನು ನಾನು ನೋಡಿಲ್ಲ. ಈಗ ಅದು ಬೇಲಿಯ ಒಳಗಿನ ಜಾಗ. ಹೋಗಿ ನೋಡೋಣ ಅಂದ್ರೂ ಆಗೋದಿಲ್ಲ.

ಆ ಮನೆ ಉಳಿದದ್ದು ಒಂದೇ ಕಡೆ, ಒಂದು ರೋಲ್ ನೆಗೆಟಿವ್‌ನಲ್ಲಿ. ಊರು ಬಿಡುವ ಮುಂಚೆ ಕಾಕಾ ಸ್ನೇಹಿತರ ಯಾಶಿಕಾ ಎಂಎಫ್-2 ಕ್ಯಾಮೆರಾ ಕೇಳಿ ತಂದು ಮನೆ, ಅಂಗಳ, ತುಳಸಿಕಟ್ಟೆ, ನೆರೆಮನೆಯವರು ಅಂತ ಇಡೀ ರೋಲ್ ತೆಗೆದಿದ್ದರು. ಪ್ರಿಂಟ್‌ಗಳೆಲ್ಲ ಒಂದು ಮಳೆಗಾಲದಲ್ಲಿ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೋದವು. ಬಿಡಿಸಲು ಹೋದ್ರೆ ಮುಖಗಳೇ ಕಿತ್ತು ಬಂದವಂತೆ. ನೆಗೆಟಿವ್ ಉಳಿಯಿತು, ಯಾಕೆಂದ್ರೆ ಯಾರೋ ಅದನ್ನು ಪರಿಹಾರದ ಫೈಲಿನೊಳಗೆ ಇಟ್ಟಿದ್ದರು. ನಮ್ಮ ಮನೆಯಲ್ಲಿ ಬಂಗಾರಕ್ಕಿಂತ ಜೋಪಾನವಾಗಿ ಇಟ್ಟ ವಸ್ತು ಅದೊಂದೇ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೋದ್ರೇಜ್ ಕಪಾಟಿನಲ್ಲಿ, ಬೀಗದ ಒಳಗೆ.

ಕಳೆದ ದೀಪಾವಳಿ ರಜೆಯಲ್ಲಿ ಏನೋ ಜೆರಾಕ್ಸ್ ಮಾಡಿಸಲು ಫೈಲ್ ತೆಗೆದಾಗ ಅದು ನನ್ನ ಕೈಗೆ ಸಿಕ್ಕಿತು. ಆರಾರು ಚಿತ್ರಗಳ ಆರು ಪಟ್ಟಿ. ಎರಡು ಪಟ್ಟಿಗಳ ಮೇಲೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತ್ತು. ಲ್ಯಾಬಿಗೆ ಕೊರಿಯರ್ ಮಾಡಿ ಸ್ಕ್ಯಾನ್ ಮಾಡಿಸೋಣ ಅಂದೆ. ಪಪ್ಪ ಒಂದೇ ಮಾತು ಹೇಳಿದ್ರು, "ಆ ಫೈಲಿನಿಂದ ಒಂದು ಕಾಗದವೂ ಮನೆ ಬಿಟ್ಟು ಹೋಗೋದಿಲ್ಲ."

ಸರಿ, ಮನೆಯಲ್ಲೇ ಮಾಡೋಣ ಅಂತಾಯಿತು. ಫಸ್ಟ್ ಇಯರ್ ಇಂಜಿನಿಯರಿಂಗ್ ಗ್ರಾಫಿಕ್ಸ್ ಮುಗಿದ ಮೇಲೆ ಡ್ರಾಯಿಂಗ್ ಬೋರ್ಡ್ ಏನು ಮಾಡೋದು ಅಂತ ನಿಮಗೂ ಅನ್ನಿಸಿರಬಹುದು. ನನಗೆ ಉತ್ತರ ಸಿಕ್ಕಿತು. ಬೋರ್ಡಿನ ಒಂದು ತುದಿಗೆ ಫ್ಲೇಂಜ್, ಅದಕ್ಕೆ ಜಿಐ ಪೈಪ್, ಪೈಪಿಗೆ ಕ್ಲ್ಯಾಂಪ್ ಹಾಕಿ ಕ್ಯಾಮೆರಾ ಕೆಳಮುಖವಾಗಿ. ಇದೇ ಕಾಪಿ ಸ್ಟ್ಯಾಂಡ್. ಕ್ಯಾಮೆರಾ ಮತ್ತು 50 ಮಿಮೀ ಲೆನ್ಸ್ ನಮ್ಮ ಫೋಟೋಗ್ರಫಿ ಕ್ಲಬ್ಬಿನದು. ಮ್ಯಾಕ್ರೋ ಲೆನ್ಸ್ ಇರಲಿಲ್ಲ, ಎಕ್ಸ್‌ಟೆನ್ಶನ್ ಟ್ಯೂಬ್ ಸೆಟ್ ಇತ್ತು. 12, 20, 36 ಮಿಮೀ, ಒಟ್ಟು ಮೂರು ಉಂಗುರ.

ಇಲ್ಲಿ ಸ್ವಲ್ಪ ಲೆಕ್ಕ. ನೆಗೆಟಿವ್‌ನ ಚಿತ್ರದ ಅಗಲ 36 ಮಿಮೀ, ಸೆನ್ಸರ್‌ನ ಅಗಲ 23.5 ಮಿಮೀ. ಅಂದ್ರೆ ಬೇಕಾದ ಮ್ಯಾಗ್ನಿಫಿಕೇಶನ್ ಸುಮಾರು 0.65. ಟ್ಯೂಬಿನ ಉದ್ದವನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿದ್ರೆ ಮ್ಯಾಗ್ನಿಫಿಕೇಶನ್ ಸಿಗುತ್ತದೆ. 12 ಮತ್ತು 20 ಸೇರಿಸಿದ್ರೆ 32, ಅದನ್ನು 50ರಿಂದ ಭಾಗಿಸಿದ್ರೆ 0.64. ಇಷ್ಟು ಸರಿಯಾಗಿ ಕೂತ ಲೆಕ್ಕ ನನಗೆ ಇಂಟರ್ನಲ್ಸ್‌ನಲ್ಲೂ ಸಿಕ್ಕಿಲ್ಲ. ಎಫ್ 8ರಲ್ಲಿ ಫೋಕಸ್ ಇರುವ ಆಳ ಬರೀ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಸುರುಳಿ ಬಿದ್ದ ಫಿಲ್ಮನ್ನು ಎರಡು ಕಪ್ಪು ರಟ್ಟುಗಳ ನಡುವೆ ಚಪ್ಪಟೆ ಮಾಡಿ ಹಿಡಿಸಬೇಕು. ಕ್ಯಾಮೆರಾ ಫಿಲ್ಮಿಗೆ ನೇರವಾಗಿದೆಯಾ ಅಂತ ನೋಡಲು ಒಂದು ಸುಲಭ ಉಪಾಯ ಇದೆ. ಫಿಲ್ಮ್ ಇಡುವ ಜಾಗದಲ್ಲಿ ಕನ್ನಡಿ ಇಡಿ. ಲೆನ್ಸಿನ ಬಿಂಬ ಪರದೆಯ ಸರಿಯಾಗಿ ನಡುವೆ ಕಂಡ್ರೆ ನೇರ ಇದೆ ಅಂತ ಅರ್ಥ.

ಬೆಳಕಿಗೆ ಸೀಲಿಂಗ್‌ಗೆ ಹಾಕುವ ಎಲ್‌ಇಡಿ ಪ್ಯಾನೆಲ್ ಮಲಗಿಸಿ, ಮೇಲೊಂದು ಹಾಲುಬಿಳಿ ಅಕ್ರಿಲಿಕ್ ಶೀಟ್ ಇಟ್ಟೆ. ಮೊದಲ ಚಿತ್ರದಲ್ಲೇ ಅಡ್ಡ ಪಟ್ಟೆ ಬಂತು. ಅಗ್ಗದ ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗ್ತಾ ಇರುತ್ತದೆ, 1/250 ಸೆಕೆಂಡಿಗೆ ಅದು ಸಿಕ್ಕಿಬೀಳುತ್ತದೆ. ಶಟರ್ 1/15ಕ್ಕೆ ಇಳಿಸಿದೆ, ಪಟ್ಟೆ ಹೋಯಿತು. ಕೈ ತಾಗಿ ಅಲುಗದ ಹಾಗೆ ಎರಡು ಸೆಕೆಂಡಿನ ಟೈಮರ್. ಧೂಳನ್ನು ಬ್ಲೋವರ್‌ನಿಂದ ಮಾತ್ರ ತೆಗೆದೆ. ಫಂಗಸ್ ಹಿಡಿದ ಫಿಲ್ಮಿಗೆ ನೀರು ತಾಗಿಸಬಾರದು, ಫಂಗಸ್ ತಿಂದ ಜೆಲಾಟಿನ್ ನೀರಲ್ಲಿ ಕರಗಿ ಚಿತ್ರವೇ ಹೋಗಿಬಿಡಬಹುದು.

ಕಲರ್ ನೆಗೆಟಿವ್ ಕಿತ್ತಳೆ ಬಣ್ಣಕ್ಕಿರುತ್ತದೆ ಅಲ್ವಾ, ಅದು ಹಳತಾಗಿ ಬಂದ ಬಣ್ಣ ಅಲ್ಲ. ಫಿಲ್ಮಿನ ಡೈಗಳ ದೋಷ ಸರಿಪಡಿಸಲು ಕಂಪನಿಯವರೇ ಇಟ್ಟ ಬಣ್ಣ. ಹಾಗೇ ಉಲ್ಟಾ ಮಾಡಿದ್ರೆ ಇಡೀ ಚಿತ್ರ ನೀಲಿಯಾಗುತ್ತದೆ. ಮೊದಲು ಚಿತ್ರವಿಲ್ಲದ ಖಾಲಿ ಅಂಚಿನ ಮೇಲೆ ವೈಟ್ ಬ್ಯಾಲೆನ್ಸ್ ಮಾಡಿ, ಆಮೇಲೆ ಕರ್ವ್ ತಿರುಗಿಸಬೇಕು.

ರಾತ್ರಿ ಹನ್ನೊಂದಕ್ಕೆ ಮೊದಲ ಚಿತ್ರ ತಿರುಗಿಸಿದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲಿ ನಿಂತ ಅಜ್ಜ. ಅಜ್ಜನನ್ನೂ ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಮೌಸ್ ಮುಟ್ಟಲಿಲ್ಲ.

ಮರುದಿನ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಎಲ್ಲರನ್ನೂ ಕೂರಿಸಿದೆ. ಪಪ್ಪ ಸುಮ್ಮನೆ ನೋಡ್ತಾ ಕೂತ್ರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡ್ಲು. ಅಜ್ಜಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ನೋಡಿ ಹೇಳಿದ್ಲು (ಮನೆಯಲ್ಲಿ ನಾವು ಮಾತಾಡೋದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ): "ಇದು ನಮ್ಮ ಮನೆ ಅಲ್ಲ ಮಗಾ."

"ಅಜ್ಜಿ, ಅಜ್ಜ ನಿಂತಿದ್ದಾರೆ ನೋಡು."

"ಅವರು ಹೌದು. ಮನೆ ಅಲ್ಲ. ಬಾವಿ ಆ ಕಡೆ ಎಲ್ಲಿತ್ತು? ಬಾಗಿಲು ದಾಟಿ ಬಲಕ್ಕೆ ತಿರುಗಿದ್ರೆ ಬಾವಿ."

ಟಿವಿಯಲ್ಲಿ ಬಾವಿ ಇದ್ದದ್ದು ಬಾಗಿಲಿನಿಂದ ಹೊರಬಂದವರ ಎಡಕ್ಕೆ. ನಾನು ಪಪ್ಪನ ಮುಖ ನೋಡಿದೆ. ಅವರು ನನ್ನನ್ನು ನೋಡಿದ್ರು. ಎರಡು ವರ್ಷದಿಂದ ಅಜ್ಜಿಗೆ ಮರೆವು. ಬೆಳಿಗ್ಗೆ ತಿಂದ ಗುಳಿಗೆ ಸಂಜೆಗೆ ನೆನಪಿರೋದಿಲ್ಲ, ನನ್ನನ್ನು ಕಾಕಾನ ಹೆಸರಿಂದ ಕರೀತಾಳೆ. ಪಪ್ಪ ಮೆತ್ತಗೆ ಅಂದ್ರು, "ಇಪ್ಪತ್ತೈದು ವರ್ಷದ ಮೇಲಾಯ್ತಲ್ಲ ಅಮ್ಮಾ, ನಿಂಗೆ ಅದಲುಬದಲಾಗಿರಬೇಕು." ಅಜ್ಜಿ ವಾದ ಮಾಡಲಿಲ್ಲ. "ಇರಬಹುದು" ಅಂತ ಎದ್ದು ಒಳಗೆ ಹೋದ್ಲು.

ಆ "ಇರಬಹುದು" ನನಗೆ ಸರಿ ಕಾಣಲಿಲ್ಲ. ಪರಿಹಾರದ ಮೊತ್ತದ ಬಗ್ಗೆ ಊರವರೆಲ್ಲ ಒಂದು ಮಾತಾಡಿದ್ರೆ ತಾನೊಂದು ಮಾತಾಡಿದ ಹೆಂಗಸು ಅವಳು. ಊರಿನ ಮನೆಯ ವಿಷಯದಲ್ಲಿ ಸೋತದ್ದನ್ನು ನಾನು ಕಂಡಿರಲಿಲ್ಲ.

ರಾತ್ರಿ ಮತ್ತೆ ಚಿತ್ರ ತೆಗೆದು ಜೂಮ್ ಮಾಡಿದೆ. ಅಜ್ಜನ ಅಂಗಿ. ಜೇಬು ಅವರ ಬಲಗಡೆ. ಗಂಡಸರ ಅಂಗಿಯ ಜೇಬು ಎಡಕ್ಕಲ್ವಾ ಇರೋದು? ಎದೆ ಧಸಕ್ಕೆಂದಿತು. ಹೋಗಿ ನೆಗೆಟಿವ್ ಪಟ್ಟಿಯನ್ನು ಸ್ಟ್ಯಾಂಡಿನಲ್ಲಿ ಇಟ್ಟಿದ್ದ ಹಾಗೆಯೇ ಹಿಡಿದು ಬೆಳಕಿಗೆ ನೋಡಿದೆ. ಅಂಚಿನಲ್ಲಿ ಅಚ್ಚಾದ ಕಂಪನಿಯ ಹೆಸರು, ನಂಬರ್ ಎಲ್ಲ ಉಲ್ಟಾ.

ಆದದ್ದು ಇಷ್ಟೇ. ಫಿಲ್ಮಿಗೆ ಹೊಳೆಯುವ ಒಂದು ಮೈ, ಮಂಕಾದ ಒಂದು ಮೈ. ಚಿತ್ರ ಇರುವುದು ಮಂಕು ಮೈಯಲ್ಲಿ. ಆ ಮೈ ಲೆನ್ಸ್ ಕಡೆ ಇಟ್ಟ್ರೆ ಇನ್ನೂ ಸ್ಪಷ್ಟ ಬರುತ್ತದೆ ಅಂತ ಕೇಳಿ ಹಾಗೇ ಇಟ್ಟಿದ್ದೆ. ಆಮೇಲೆ ಚಿತ್ರವನ್ನು ಎಡ-ಬಲ ತಿರುಗಿಸಬೇಕು, ಅದನ್ನು ಮರೆತಿದ್ದೆ. ಅಂಚಿನ ಅಕ್ಷರ ನೋಡಿದ್ರೆ ತಕ್ಷಣ ಗೊತ್ತಾಗ್ತಿತ್ತು, ಆದರೆ ನನ್ನ ಕಪ್ಪು ರಟ್ಟು ಅಂಚನ್ನೇ ಮುಚ್ಚಿತ್ತು. ಕನ್ನಡಿ ಇಟ್ಟು ಅಳತೆ ಮಾಡಿದ ನನಗೆ ನಮ್ಮ ಮನೆಯ ಕನ್ನಡಿ ಬಿಂಬ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು, ಆ ಮನೆಯೊಳಗೆ ನಾನು ನಡೆದೇ ಇಲ್ಲ. ಪಪ್ಪ ನಡೆದವರೇ, ಆದರೆ ಚಿತ್ರ ಎದುರಿಗಿದ್ದಾಗ ಅವರು ಚಿತ್ರವನ್ನೇ ನಂಬಿದ್ರು. ಅಜ್ಜಿ ದಿನಾ ಕೊಡ ಹೊತ್ತು ಬಲಕ್ಕೆ ತಿರುಗಿದವಳು. ಅವಳು ತನ್ನ ಕಾಲನ್ನು ನಂಬಿದ್ಲು.

ಬೆಳಿಗ್ಗೆ ಚಹಾ ಹೊತ್ತಿಗೆ ಟಿವಿ ಹಾಕಿ, "ಅಜ್ಜಿ, ತಪ್ಪು ನನ್ನದು. ಈಗ ನೋಡು" ಅಂದೆ. ಅವಳು ಹತ್ತಿರ ಬಂದು ನಿಂತು ಬಾವಿಯ ಮೇಲೆ ಬೆರಳಿಟ್ಲು. "ಹಾಂ. ಇದು." ಆಮೇಲೆ ಅಡಿಗೆಮನೆ ಕಿಟಕಿ, ಬಲೆ ಒಣಗಿಸುವ ಜಾಗ, ಪಕ್ಕದ ಮನೆಯವರು ಈಗ ಎಲ್ಲಿದ್ದಾರೆ ಅಂತ ಒಂದೊಂದಾಗಿ ಹೇಳ್ತಾ ಹೋದ್ಲು. ಪಪ್ಪ ಕುರ್ಚಿ ಎಳೆದು ಅವಳ ಪಕ್ಕ ಕೂತ್ರು. ನಾನು ಪ್ರತಿ ಚಿತ್ರದ ಫೈಲಿಗೂ ಅವಳು ಹೇಳಿದ್ದನ್ನೇ ಹೆಸರಾಗಿ ಬರೆದೆ. ಮೂವತ್ತಾರರಲ್ಲಿ ಇಪ್ಪತ್ತೊಂಬತ್ತು ಮುಗಿದಿವೆ. ಫಂಗಸ್ ಹಿಡಿದ ಉಳಿದವುಗಳಿಗೆ ಸಂಕ್ರಾಂತಿ ರಜೆ.

ನಿಮ್ಮ ಮನೆಯಲ್ಲೂ ಕಪಾಟಿನ ಮೂಲೆಯಲ್ಲಿ ಹಳೇ ನೆಗೆಟಿವ್ ಇದ್ರೆ ತನ್ನಿ. ಸ್ಟ್ಯಾಂಡ್ ನನ್ನ ಹಾಸ್ಟೆಲ್ ರೂಮಿನಲ್ಲೇ ಇದೆ. ಅಂಚಿನ ಅಕ್ಷರ ಕಾಣುವ ಹಾಗೆ ಒಂದು ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಊರಿಗೆ ಹೋದಾಗ, ಆ ಜಾಗದಲ್ಲಿ ಬದುಕಿದವರನ್ನು ಪಕ್ಕ ಕೂರಿಸಿಕೊಂಡು ಒಮ್ಮೆ ತೋರಿಸಿ. ಮತ್ತೆ, ಅವರು "ಇದು ಹೀಗಿರಲಿಲ್ಲ" ಅಂದ್ರೆ, ಮೊದಲು ನಿಮ್ಮ ಸೆಟಪ್ ಚೆಕ್ ಮಾಡಿ.