ಆಸನದಡಿಯ ಕಾಗದ

ಕಾರ್ಖಾನೆಯಲ್ಲಿ ಕಾರೊಂದು ರೂಪುಗೊಳ್ಳುವಾಗ ಅದರೊಡನೆ ಒಂದು ಕಾಗದವೂ ಸಾಗುತ್ತಿತ್ತು. 1960 ಮತ್ತು 1970ರ ದಶಕಗಳ ಅಮೆರಿಕದ ಕಾರ್ಖಾನೆಗಳಲ್ಲಿ ಅದನ್ನು ಬಿಲ್ಡ್ ಶೀಟ್ ಎಂದು ಕರೆಯುತ್ತಿದ್ದರು. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣ ಎಂಬುದೆಲ್ಲ ಅದರಲ್ಲಿ ಸಂಕೇತಗಳಾಗಿ ಅಚ್ಚಾಗಿರುತ್ತಿತ್ತು. ಕೆಲಸಗಾರನು ಅದನ್ನು ಓದಿ ತನ್ನ ಪಾಲಿನ ಭಾಗವನ್ನು ಜೋಡಿಸುತ್ತಿದ್ದನು. ಕೆಲಸ ಮುಗಿದೊಡನೆ ಅದರ ಪ್ರಯೋಜನವೂ ಮುಗಿಯುತ್ತಿತ್ತು. ಹಲವು ಕಸವನ್ನು ಸೇರಿದವು. ಕೆಲವು ಆಸನದ ಸ್ಪ್ರಿಂಗುಗಳ ನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಉಳಿದುಕೊಂಡವು.

ಹೀಗೆ ಉಳಿದ ಕಾಗದವೇ ಇಂದು ಹಳೆಯ ಕಾರಿನ ಸಾಕ್ಷಿ. ಅದರಲ್ಲಿರುವ ಸಂಖ್ಯೆಯು ಕಾರಿನ ಸಂಖ್ಯೆಗೆ ತಾಳೆಯಾದರೆ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ಲೋಭವೂ ಹುಟ್ಟುತ್ತದೆ. ಹೊಸ ಕಾಗದಕ್ಕೆ ಹಳೆಯ ರೂಪ ಕೊಟ್ಟು ಮಾರುವವರೂ ಇದ್ದಾರೆ.

ಈ ಪ್ರಶ್ನೆ ಕೇವಲ ಪರದೇಶದ್ದಲ್ಲ. ಹಳೆಯ ಕಾರುಗಳನ್ನು ಜೋಪಾನ ಮಾಡುವ ಆಸಕ್ತಿ ಕನ್ನಡನಾಡಿನಲ್ಲಿಯೂ ಇದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೇ ಇದಕ್ಕೆ ನಿದರ್ಶನ. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮವನ್ನು ತಂದಿತು. ವಾಹನವು ಮೂಲ ರೂಪದಲ್ಲಿರಬೇಕು; ಚಾಸಿ, ಹೊರಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಅದರ ಷರತ್ತು.

ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಅಜ್ಜನ ಕಾಲದ ಕಾರು ಉಳಿದಿದೆಯೆಂದು ಭಾವಿಸೋಣ. ಎಂದೋ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಆ ದಿನಗಳಲ್ಲಿ ಅದು ಖರ್ಚು ತಗ್ಗಿಸುವ ಉಪಾಯ; ಅದರಲ್ಲಿ ದೋಷವಿಲ್ಲ. ಆದರೆ ಇಂದು ಮೊಮ್ಮಗನು ಹಳೆಯ ಎಂಜಿನ್ನೊಂದನ್ನು ಕೊಂಡು ತಂದು, ಅದಕ್ಕೆ ಬೇಕಾದ ಸಂಖ್ಯೆಯನ್ನು ಕೊರೆಸಿ, ಒಂದು ಕಾಗದವನ್ನೂ ಸೃಷ್ಟಿಸಿ, "ಇದು ಮೊದಲಿನಿಂದ ಹೀಗೆಯೇ ಇದೆ" ಎಂದರೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿಯೂ, ನಕಲಿಯನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೂ ಎಣಿಸಿದೆ. ಮೊಮ್ಮಗನ ಒಂದೇ ಕಾಗದದಿಂದ ಎರಡು ವ್ರತಗಳೂ ಕೆಡುತ್ತವೆ. ಕೊಂಡವನು ಹಣವನ್ನು ಕಳೆದುಕೊಳ್ಳುತ್ತಾನೆ. ಮುಂದೆ ಇನ್ನೊಬ್ಬ ಮಾಲೀಕನು ನಿಜವಾದ ಕಾಗದವನ್ನೇ ತೋರಿಸಿದರೂ ನಂಬುವವರಿರುವುದಿಲ್ಲ.

ಕಾರ್ಖಾನೆಯ ಆ ಕಾಗದವು ಮುಂದೊಂದು ದಿನ ಬೆಲೆ ಬರಲೆಂದು ಅಚ್ಚಾದುದಲ್ಲ. ಅಂದಿನ ಕೆಲಸ ತಪ್ಪದಿರಲೆಂದು ಅಚ್ಚಾದುದು. ಅದರ ಸಾಕ್ಷ್ಯಕ್ಕೆ ಬಲ ಬಂದುದು ಆ ನಿಸ್ಪೃಹತೆಯಿಂದಲೇ. ಕಾಗದವಿಲ್ಲದವನು ಇಲ್ಲವೆನ್ನಬೇಕು, ಎಂಜಿನ್ ಬದಲಾಗಿದ್ದರೆ ಬದಲಾಗಿದೆಯೆಂದು ಬರೆದುಕೊಡಬೇಕು. ಮಾರಾಟದ ಬೆಲೆ ಒಂದಿಷ್ಟು ತಗ್ಗಬಹುದು. ಆದರೆ ಆ ಬರಹವನ್ನು ಕಾರಿನೊಡನೆ ಜೋಪಾನವಾಗಿ ಇಟ್ಟರೆ, ಮುಂದಿನವರಿಗೆ ಅದೇ ಒಂದು ನಂಬತಕ್ಕ ದಾಖಲೆಯಾಗುತ್ತದೆ.